ರೇಖೆ ಗಾಢವಾಗಿದ್ದರೆ ಧಾತು ಹೆಚ್ಚಿದೆ ಎಂದಲ್ಲ

ನಕ್ಷತ್ರದ ಬೆಳಕನ್ನು ಬಣ್ಣಗಳಾಗಿ ಬಿಡಿಸಿದ ಪಟ್ಟಿಯೇ ರೋಹಿತ; ಧಾತುಗಳು ಬೆಳಕು ಹೀರಿದ ಕಡೆ ಅದರಲ್ಲಿ ಕಪ್ಪು ರೇಖೆಗಳು. ಅಭಿಜಿತ್ (ವೇಗಾ) ನಕ್ಷತ್ರದ ರೋಹಿತದಲ್ಲಿ ಹೈಡ್ರೋಜನ್ ರೇಖೆಗಳು ದಟ್ಟ, ಸೂರ್ಯನಲ್ಲಿ ತೆಳು. ಹಾಗಂತ ಅಲ್ಲಿ ಹೈಡ್ರೋಜನ್ ಜಾಸ್ತಿ ಅಂದುಕೊಂಡರೆ ಲೆಕ್ಕ ಕೆಟ್ಟಂತೆ. ಅದು ಬಹುಪಾಲು ತಾಪಮಾನದ ಆಟ. ಯಾವ ತಾಪಮಾನದಲ್ಲಿ ಎಷ್ಟು ಪರಮಾಣುಗಳು ಎಲೆಕ್ಟ್ರಾನ್ ಕಳೆದುಕೊಳ್ಳುತ್ತವೆ ಎಂದು ಹೇಳುವ ಮೇಘನಾದ ಸಹಾ ಅವರ ಅಯಾನೀಕರಣ ಸಮೀಕರಣ ಬಳಸಿ ಖಗೋಳವಿಜ್ಞಾನಿ ಸಿಸಿಲಿಯಾ ಪೇನ್ 1925ರಲ್ಲಿ ಬಿಡಿಸಿದ ಗಂಟು ಇದೇ.

ಬೆಂಗಳೂರಿನ ತಾರಸಿಯಲ್ಲಿ ರೇಖೆ ಗುರುತಿಸಲು ಮಿಲಿಮೀಟರಿಗೆ 100 ಗೆರೆಗಳ ಗ್ರೇಟಿಂಗ್ (ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಫಲಕ) ಸಾಕು. ಕ್ಯಾಮೆರಾ ಸೆನ್ಸರ್‌ನಿಂದ ಅದರ ದೂರ 40 ಮಿ.ಮೀ., ಪಿಕ್ಸೆಲ್ 4 ಮೈಕ್ರಾನ್ ಇದ್ದರೆ ಪಿಕ್ಸೆಲಿಗೆ ಸುಮಾರು 10 ಆಂಗ್‌ಸ್ಟ್ರಾಂ (ತರಂಗಾಂತರ ಅಳೆಯುವ ಮಾನ). ತರಂಗಾಂತರದ ಅಳತೆಪಟ್ಟಿಗೆ ನಕ್ಷತ್ರದ ನೇರ ಬಿಂಬ ಸೊನ್ನೆ, 4861 ಆಂಗ್‌ಸ್ಟ್ರಾಂನ ಎಚ್-ಬೀಟಾ ಎಂಬ ಹೈಡ್ರೋಜನ್ ರೇಖೆ ಇನ್ನೊಂದು ಗುರುತು. ಫೋಕಸ್ ಮಾತ್ರ ಬಿಂಬಕ್ಕಲ್ಲ, ರೇಖೆಗೆ ಮಾಡಿ. 7600ರ ಬಳಿಯ ಪಟ್ಟಿ ನೋಡಿ ಹಿಗ್ಗಬೇಡಿ, ಅದು ನಮ್ಮದೇ ಗಾಳಿಯ ಆಮ್ಲಜನಕ. ಬೀದಿಯ ಎಲ್‌ಇಡಿಗಳು 4500ರ ಸುತ್ತ ಉಬ್ಬು ತರುತ್ತವೆ; ರೋಹಿತದ ಮೇಲಿನ, ಕೆಳಗಿನ ಹಿನ್ನೆಲೆ ಎರಡನ್ನೂ ಕಳೆಯದಿದ್ದರೆ ರೇಖೆಯ ಆಳ ಕಡಿಮೆ ಕಾಣುತ್ತದೆ.

ಧಾತುವಿನ ಪ್ರಮಾಣ ಅಳೆಯಲು ಇದು ಸಾಲದು. ಬೆಂಗಳೂರು ಬಳಿಯ ಹೊಸಕೋಟೆಯಿಂದಲೇ ನಡೆಸುವ, ಲಡಾಖ್‌ನ ಹಾನ್ಲೆ ದೂರದರ್ಶಕದ ಎಶೆಲ್ ರೋಹಿತಮಾಪಕದ (ರೋಹಿತವನ್ನು ಬಹಳ ಸೂಕ್ಷ್ಮವಾಗಿ ಬಿಡಿಸುವ ಉಪಕರಣ) ಪೃಥಕ್ಕರಣ, ಅಂದರೆ ಹತ್ತಿರದ ತರಂಗಾಂತರಗಳನ್ನು ಬೇರ್ಪಡಿಸುವ ಸಾಮರ್ಥ್ಯ, 30,000 ಅಥವಾ 60,000. ಅಲ್ಲಿ ಕಬ್ಬಿಣದ ಹತ್ತಾರು ರೇಖೆಗಳ ಸಮತುಲ್ಯ ಅಗಲ (ರೇಖೆ ಒಟ್ಟು ಎಷ್ಟು ಬೆಳಕು ಹೀರಿದೆ ಎಂಬುದರ ಅಳತೆ) ಅಳೆಯಬಹುದು. ಆರಿಸಬೇಕಾದ್ದು ದುರ್ಬಲ ರೇಖೆಗಳನ್ನು. ಗಾಢ ರೇಖೆ ತುಂಬಿಹೋದ ಮೇಲೆ ಪರಮಾಣು ದುಪ್ಪಟ್ಟಾದರೂ ಅಗಲ ಅಷ್ಟಾಗಿ ಬೆಳೆಯದು. ಪ್ರತಿ ರೇಖೆಯಿಂದ ಕಬ್ಬಿಣದ ಪ್ರಮಾಣ ಲೆಕ್ಕ ಹಾಕಿ; ರೇಖೆಯ ಉದ್ರೇಕ ಶಕ್ತಿ (ಬೆಳಕು ಹೀರುವ ಮುನ್ನ ಪರಮಾಣುವಿನಲ್ಲಿರುವ ಶಕ್ತಿ) ಹೆಚ್ಚಾದಂತೆ ಆ ಪ್ರಮಾಣ ಏರುತ್ತಲೋ ಇಳಿಯುತ್ತಲೋ ಹೋದರೆ ಲೆಕ್ಕಕ್ಕೆ ಹಿಡಿದ ತಾಪಮಾನ ತಿದ್ದಿ. ತಟಸ್ಥ ಕಬ್ಬಿಣ ಮತ್ತು ಎಲೆಕ್ಟ್ರಾನ್ ಕಳೆದುಕೊಂಡ ಅಯಾನು ಕಬ್ಬಿಣ ಬೇರೆಬೇರೆ ಉತ್ತರ ಕೊಟ್ಟರೆ ನಕ್ಷತ್ರದ ಮೇಲ್ಮೈ ಗುರುತ್ವ ತಿದ್ದಿ. ಒಂದನ್ನು ಮುಟ್ಟಿದರೆ ಇನ್ನೊಂದು ಅಲುಗುತ್ತದೆ, ಹಾಗಾಗಿ ಎರಡೂ ನಿಲ್ಲುವವರೆಗೆ ಸುತ್ತು ಹಾಕಲೇಬೇಕು. ಕೊನೆಗೆ ಬರುವ ಅಂಕಿ ಸೂರ್ಯನಿಗೆ ಹೋಲಿಸಿದ ಲಾಗರಿದಮ್: ಮೈನಸ್ 1 ಎಂದರೆ ಕಬ್ಬಿಣ ಹತ್ತರಲ್ಲೊಂದು ಪಾಲು.