ಜಡೆಯ ನೆರಳು

ಇಂಗ್ಲೆಂಡಿನಲ್ಲಿ ನಾನು ರೇಡಿಯೋಗ್ರಾಫರ್, ಅಂದರೆ ರೋಗಿಗಳ ಎಕ್ಸ್‌ರೇ ತೆಗೆಯುವುದು ನನ್ನ ಕೆಲಸ. ಪಕ್ಕದ ಮನೆಯ ಹುಡುಗಿಗೆ ಹನ್ನೊಂದು ವರ್ಷ. ಮುಂದಿನ ದಿನಗಳಲ್ಲಿ ಯಾವ ಯಾವ ಉದ್ಯೋಗಗಳು ಉಳಿಯಲಾರವು ಎಂಬುದರ ಬಗ್ಗೆ ಅವಳ ಶಾಲೆಯಲ್ಲಿ ಯಾರೋ ಮಾತನಾಡಿ ಹೋಗಿದ್ದರಂತೆ. ಅಂದು ಸಂಜೆ ಬೇಲಿಯ ಆಚೆಯಿಂದ ನನ್ನನ್ನು ಕರೆದು, ನಾಳೆ ಮಳೆ ಬರುತ್ತದೆ ಎನ್ನುವಷ್ಟೇ ಸಹಜವಾಗಿ, "ಎಕ್ಸ್‌ರೇ ನೋಡುವ ಕೆಲಸವನ್ನು ಇನ್ನು ಮೇಲೆ ಕಂಪ್ಯೂಟರೇ ಮಾಡುತ್ತದೆ. ಗುಂಡಿಯನ್ನು ಯಾರು ಬೇಕಾದರೂ ಒತ್ತಬಹುದು. ಆಮೇಲೆ ನೀವು ಏನು ಮಾಡುತ್ತೀರಿ?" ಎಂದು ಕೇಳಿದಳು. ಅವಳ ಮೊದಲ ವಾಕ್ಯ ನನಗೆ ಹೊಸದಲ್ಲ, ಊಟದ ಬಿಡುವಿನಲ್ಲಿ ನಾವೆಲ್ಲ ಆಡುವ ಮಾತೇ ಅದು. ಮನಸ್ಸಿಗೆ ಚುಚ್ಚಿದ್ದು ಎರಡನೆಯದು, ಏಕೆಂದರೆ ಇಂಗ್ಲೆಂಡಿನ ಈ ಮಗು ಆಡಿದ ಮಾತನ್ನೇ ಚಿಕ್ಕಮಗಳೂರಿನಲ್ಲಿ ನನ್ನ ಬಂಧುಗಳು ಇಪ್ಪತ್ತು ವರ್ಷಗಳಿಂದ ಆಡುತ್ತ ಬಂದಿದ್ದಾರೆ.

ಅದೇ ವಾರ ಅಣ್ಣ ಫೋನ್ ಮಾಡಿದ್ದ. ಅವನ ಮಗನಿಗೆ ನೀಟ್‌ನಲ್ಲಿ ಅಂದುಕೊಂಡ ರ‍್ಯಾಂಕ್ ಬಂದಿಲ್ಲ, ಬಿ.ಎಸ್ಸಿ. ಮೆಡಿಕಲ್ ಇಮೇಜಿಂಗ್ ಟೆಕ್ನಾಲಜಿಗೆ ಸೇರಿಸುವುದೋ ಬೇಡವೋ ಎಂಬ ಗೊಂದಲ. "ಎಐ ಬಂದ ಮೇಲೆ ಈ ಓದಿಗೆ ಬೆಲೆ ಇರುತ್ತದೆಯೇ?" ಎಂಬುದು ಅವನ ಪ್ರಶ್ನೆ. ಹುಡುಗಿಗೆ ನಗುತ್ತ ಏನೋ ಹೇಳಿ ತಪ್ಪಿಸಿಕೊಳ್ಳಬಹುದಿತ್ತು, ಅಣ್ಣನಿಗೆ ಹಾಗೆ ಹೇಳಲಾಗುವುದಿಲ್ಲ.

ಈ ಭಯಕ್ಕೆ ಆಧಾರವೇ ಇಲ್ಲವೆಂದು ನಾನು ಹೇಳುವುದಿಲ್ಲ. ನಮ್ಮ ಅಮ್ಮ ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಬೀಜ ಆರಿಸುತ್ತಿದ್ದರು. ಉದ್ದನೆಯ ಶೆಡ್ಡಿನಲ್ಲಿ ಸಾಲಾಗಿ ಕುಳಿತ ಹೆಂಗಸರು ಕಪ್ಪಾದದ್ದನ್ನು, ಒಡೆದದ್ದನ್ನು, ಹುಳು ಕೊರೆದದ್ದನ್ನು ಬೆರಳ ತುದಿಯಿಂದ ಬದಿಗೆ ಸರಿಸುತ್ತಿದ್ದ ವೇಗ ನನಗೆ ಈಗಲೂ ನೆನಪಿದೆ. ಬಣ್ಣ ಗುರುತಿಸುವ ಯಂತ್ರ ಬಂದು, ಕೆಟ್ಟ ಬೀಜವನ್ನು ಗಾಳಿಯಿಂದಲೇ ಊದಿ ಬೇರ್ಪಡಿಸಲು ಕಲಿತ ಮೇಲೆ ಆ ಸಾಲು ಕರಗುತ್ತ ಹೋಯಿತು. ಯಾರೂ ಅವರನ್ನು ಮತ್ತೊಂದು ಕೆಲಸಕ್ಕೆ ತಯಾರು ಮಾಡಲಿಲ್ಲ. ಆದರೆ ಯಂತ್ರದ ಬಾಯಿಗೆ ಬೀಳುವ ಬೀಜ ಆ ಹೊತ್ತಿಗಾಗಲೇ ಒಣಗಿ, ಸಿಪ್ಪೆ ಕಳಚಿ, ಜರಡಿಯಲ್ಲಿ ಗಾತ್ರಕ್ಕೆ ತಕ್ಕಂತೆ ಬೇರೆಯಾಗಿರುತ್ತದೆ. ಎಕ್ಸ್‌ರೇ ಕೊಠಡಿಗೆ ಬರುವ ಮನುಷ್ಯ ಹಾಗೆ ಬರುವುದಿಲ್ಲ.

ಮೂಡಿಗೆರೆ ಕಡೆಯ ಯಾವುದೇ ತೋಟದಲ್ಲಿ ಕೆಲಸ ಮಾಡುವ, ಕೆಮ್ಮು ಬಿಡದ ಹೆಂಗಸೊಬ್ಬಳು ಎದೆಯ ಎಕ್ಸ್‌ರೇಗೆ ನಿಂತಿದ್ದಾಳೆ ಎಂದುಕೊಳ್ಳಿ. ಎರಡೂ ಭುಜಗಳನ್ನು ಮುಂದಕ್ಕೆ ಹೊರಳಿಸದಿದ್ದರೆ ಹೆಗಲಿನ ಮೂಳೆ ಶ್ವಾಸಕೋಶದ ಮೇಲೆ ಕೂರುತ್ತದೆ. ಉಸಿರನ್ನು ಪೂರ್ತಿ ಎಳೆದು ಹಿಡಿಯದಿದ್ದರೆ ಕೆಳಗಿನ ಭಾಗ ಮಸುಕಾಗಿ, ಇಲ್ಲದ ಕಾಯಿಲೆ ಇದ್ದಂತೆ ಕಾಣುತ್ತದೆ. ನಿಲ್ಲಲಾರದವಳನ್ನು ಮಲಗಿಸಿ ಎದುರಿನಿಂದ ತೆಗೆದರೆ ಹೃದಯ ಇರುವುದಕ್ಕಿಂತ ದೊಡ್ಡದಾಗಿ ತೋರುತ್ತದೆ. ಇನ್ನು ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ದಪ್ಪ ಜಡೆ. ಅದು ಭುಜದ ಮೇಲಿಂದ ಇಳಿದಿದ್ದರೆ ಅದರ ನೆರಳು ಬೀಳುವುದು ಶ್ವಾಸಕೋಶದ ತುದಿಯಲ್ಲಿ, ಅಂದರೆ ಕ್ಷಯದ ಕಲೆಗಳನ್ನು ನಾವು ಮೊದಲು ಹುಡುಕುವ ಜಾಗದಲ್ಲಿಯೇ. ಜಡೆಯನ್ನು ಎತ್ತಿ ತಲೆಯ ಮೇಲೆ ಕಟ್ಟಿಸಬೇಕು. ತಾಳಿ ತೆಗೆಯಲು ಒಪ್ಪದವಳನ್ನು ಗದರದೆ ಒಪ್ಪಿಸಬೇಕು, ಇಲ್ಲವೇ ಅದು ಚಿತ್ರಕ್ಕೆ ಅಡ್ಡ ಬರದಂತೆ ಸರಿಸಿ ಹಿಡಿಸಬೇಕು. ಈಗ ತೋಟಗಳಿಗೆ ಅಸ್ಸಾಂ, ಜಾರ್ಖಂಡ್‌ಗಳಿಂದಲೂ ಜನ ಬರುತ್ತಿರುವಾಗ "ಉಸಿರು ಎಳೆದುಕೊಳ್ಳಿ, ಹಾಗೇ ಹಿಡಿಯಿರಿ" ಎಂಬುದನ್ನು ಅವರಿಗೆ ತಿಳಿಯುವಂತೆ ಹೇಳಬೇಕು. ಇಷ್ಟೆಲ್ಲ ಆದ ಮೇಲೆ ಗುಂಡಿ ಒತ್ತುವ ಸಮಯ ಬರುತ್ತದೆ. ಅದನ್ನು ಯಾರು ಬೇಕಾದರೂ ಒತ್ತಬಹುದು ಎಂಬುದು ನಿಜ.

ಎದೆಯ ಡಿಜಿಟಲ್ ಎಕ್ಸ್‌ರೇಯನ್ನು ಕಂಪ್ಯೂಟರಿನಿಂದ ಓದಿಸಿ ಕ್ಷಯವನ್ನು ಪತ್ತೆ ಹಚ್ಚುವುದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯೇ 2021ರಲ್ಲಿ, 15 ವರ್ಷ ಮೇಲ್ಪಟ್ಟವರ ಮಟ್ಟಿಗೆ, ಒಪ್ಪಿಗೆ ಕೊಟ್ಟಿತು. ಕೈಯಲ್ಲಿ ಹಿಡಿದೊಯ್ಯುವ ಎಕ್ಸ್‌ರೇ ಯಂತ್ರಗಳು ನಮ್ಮ ದೇಶದ ಹಳ್ಳಿಗಳಿಗೆ ಹೋಗುತ್ತಿವೆ. ರೇಡಿಯಾಲಜಿಸ್ಟ್, ಅಂದರೆ ಚಿತ್ರ ಓದಿ ವರದಿ ಬರೆಯುವ ತಜ್ಞ ವೈದ್ಯರು, ಇಲ್ಲದ ತಾಲ್ಲೂಕಿಗೆ ಇದು ದೊಡ್ಡ ಉಪಕಾರ ಎಂದೇ ನನ್ನ ಅಭಿಪ್ರಾಯ. ಆದರೆ ಜಡೆಯ ನೆರಳಿರುವ ಚಿತ್ರವನ್ನು ಕೊಟ್ಟರೆ ಯಂತ್ರ ಆ ನೆರಳನ್ನೇ ಓದುತ್ತದೆ.

ಚಿತ್ರವನ್ನು ಓದುವ ಕೆಲಸ ದೂರ ಹೋಗಬಲ್ಲದು. ಅಮೆರಿಕದ ಆಸ್ಪತ್ರೆಗಳ ರಾತ್ರಿಪಾಳಿಯ ಚಿತ್ರಗಳನ್ನು ಬೆಂಗಳೂರಿನಲ್ಲಿ ಹಗಲು ಹೊತ್ತು ಕುಳಿತು ಓದುವ ವ್ಯವಸ್ಥೆ ಬಂದು ಎಷ್ಟೋ ವರ್ಷಗಳಾದವು. ನಮ್ಮ ತಾಲ್ಲೂಕುಗಳ ಚಿತ್ರಗಳೂ ಈಗ ಹಾಗೆ ಪ್ರಯಾಣ ಮಾಡುತ್ತವೆ. ಬೆಂಗಳೂರಿಗೆ ಹೋದದ್ದು ಕಂಪ್ಯೂಟರಿಗೂ ಹೋಗಬಹುದು. ಸೊಂಟದ ಮೂಳೆ ಮುರಿದುಕೊಂಡ ಅಜ್ಜಿ ಮಾತ್ರ ಮೂಡಿಗೆರೆಯಲ್ಲೇ ಮಲಗಿರುತ್ತಾಳೆ, ಅವಳ ಪಕ್ಕದಲ್ಲಿ ನಿಲ್ಲುವವರು ಅಲ್ಲಿಯೇ ಇರಬೇಕಾಗುತ್ತದೆ. 2016ರಲ್ಲಿ ಎಐ ವಿಜ್ಞಾನಿ ಜೆಫ್ರಿ ಹಿಂಟನ್ ಅವರು ರೇಡಿಯಾಲಜಿಸ್ಟರಿಗೆ ತರಬೇತಿ ಕೊಡುವುದನ್ನೇ ಇನ್ನು ನಿಲ್ಲಿಸಬೇಕು ಎಂದಾಗ ಹೇಳಿದ್ದೂ ಓದುವವರ ಬಗ್ಗೆಯೇ. ರಾಂಟ್ಜನ್‌ಗೆ 1901ರಲ್ಲಿ ಎಕ್ಸ್‌ರೇ ಕಂಡುಹಿಡಿದುದಕ್ಕಾಗಿ ಸಂದ ಭೌತಶಾಸ್ತ್ರದ ನೊಬೆಲ್ 2024ರಲ್ಲಿ ಹಿಂಟನ್ ಅವರಿಗೂ ಬಂತು. ಆದರೆ ರೇಡಿಯಾಲಜಿಸ್ಟರ ಕೊರತೆ ಇಲ್ಲಿ ಇಂಗ್ಲೆಂಡಿನಲ್ಲಿ ಇಂದಿಗೂ ನೀಗಿಲ್ಲ.

ಇಂಗ್ಲೆಂಡನ್ನು ಹೊಗಳುವುದು ನನಗೆ ಅಷ್ಟು ಇಷ್ಟವಾದ ಕೆಲಸವಲ್ಲ. ಇಲ್ಲಿಯೂ ಉದ್ದನೆಯ ಸರದಿಗಳಿವೆ, ದಣಿದು ಕೆಲಸ ಬಿಟ್ಟು ಹೋಗುವವರಿದ್ದಾರೆ. ಆದರೂ ಒಂದು ವಿಷಯದಲ್ಲಿ ಇವರು ನಮಗಿಂತ ಮುಂದಿದ್ದಾರೆ. 1980ರ ದಶಕದಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ, ಅಸಹಜವೆಂದು ತೋರಿದ ಫಿಲ್ಮಿನ ಮೇಲೆ ರೇಡಿಯೋಗ್ರಾಫರ್ ಒಂದು ಕೆಂಪು ಚುಕ್ಕೆ ಅಂಟಿಸುವ ಪದ್ಧತಿ ಶುರುವಾಯಿತು. ತುರ್ತು ವಿಭಾಗದ ಕಿರಿಯ ವೈದ್ಯರು ಆ ಚುಕ್ಕೆ ಕಂಡು ಮತ್ತೊಮ್ಮೆ ನೋಡುತ್ತಿದ್ದರು. ಆ ಹಾದಿಯಲ್ಲೇ ಮುಂದೆ ಹೆಚ್ಚಿನ ಓದು ಮುಗಿಸಿದ ರೇಡಿಯೋಗ್ರಾಫರುಗಳು ತಾವೇ ವರದಿ ಬರೆಯುವಂತಾದರು. ಕನ್ಸಲ್ಟೆಂಟ್ ಎಂಬ ಹಿರಿಯ ತಜ್ಞರ ದರ್ಜೆಗೇರಿದವರೂ ಇದ್ದಾರೆ. ಈ ಪರೀಕ್ಷೆ ಈ ರೋಗಿಗೆ ಬೇಕೇ, ಇಷ್ಟು ವಿಕಿರಣ ಕೊಡುವುದಕ್ಕೆ ತಕ್ಕ ಕಾರಣವಿದೆಯೇ ಎಂದು ತಡೆದು ಕೇಳುವುದು ಇಲ್ಲಿ ನಮ್ಮ ಕರ್ತವ್ಯ. ಹೊಟ್ಟೆಯ ಒಂದು ಸಿ.ಟಿ.ಯಲ್ಲಿ ಎದೆಯ ಎಕ್ಸ್‌ರೇಗಿಂತ ನೂರಾರು ಪಟ್ಟು ಹೆಚ್ಚು ವಿಕಿರಣ ಇರುವಾಗ ಇದು ಬರೀ ಶಿಷ್ಟಾಚಾರದ ಮಾತಲ್ಲ. 2025ರ ಆರಂಭದಲ್ಲಿ ಯಾವ ಚಿಕಿತ್ಸೆ, ಸಾಧನಗಳನ್ನು ಬಳಸಬಹುದೆಂದು ಸಲಹೆ ಕೊಡುವ ಇಲ್ಲಿನ ನೈಸ್ ಸಂಸ್ಥೆ, ಮೂಳೆ ಮುರಿತ ಗುರುತಿಸುವ ನಾಲ್ಕು ಎಐ ಸಾಧನಗಳನ್ನು ತುರ್ತು ಚಿಕಿತ್ಸೆಯಲ್ಲಿ ಬಳಸುತ್ತ ಪುರಾವೆ ಸಂಗ್ರಹಿಸಬಹುದು ಎಂದು ಹೇಳಿತು. ತಮ್ಮ ಕಣ್ಣನ್ನು ನಂಬುವ ಅಧಿಕಾರವಿರುವವರ ಕೈಗೆ ಸಿಕ್ಕರೆ ಅಂಥ ಸಾಧನ ಎರಡನೆಯ ಜೊತೆ ಕಣ್ಣಾಗುತ್ತದೆ.

ನಮ್ಮಲ್ಲಿ ಆ ಅಧಿಕಾರವೇ ಇಲ್ಲ. ಇಲ್ಲಿಗೆ ಬರುವ ಮೊದಲು ನಾನು ಕೆಲಸ ಮಾಡಿದ ಡಯಾಗ್ನೋಸ್ಟಿಕ್ ಕೇಂದ್ರದಲ್ಲಿ ಹಿರಿಯರೊಬ್ಬರಿದ್ದರು. ಮಣಿಕಟ್ಟಿನ ಸಣ್ಣ ಬಿರುಕನ್ನು, ಫಿಲ್ಮ್ ಇನ್ನೂ ಒದ್ದೆಯಾಗಿರುವಾಗಲೇ ಹಿಡಿದೆತ್ತಿ ಗುರುತಿಸುತ್ತಿದ್ದರು. ಒಮ್ಮೆ ಹಾಗೆ ಕಂಡದ್ದನ್ನು ವೈದ್ಯರಿಗೆ ಹೇಳಹೋಗಿ, "ನಿನ್ನ ಕೆಲಸ ನೀನು ಮಾಡು" ಎನಿಸಿಕೊಂಡು ಬಂದರು. ಆಮೇಲೆ ಅವರು ಕಂಡದ್ದನ್ನು ನಮಗೆ ಹೇಳಿಕೊಡುತ್ತಿದ್ದರೇ ಹೊರತು ಹೊರಗೆ ಆಡುತ್ತಿರಲಿಲ್ಲ. ಅಂಥವರನ್ನು ಗುಂಡಿ ಒತ್ತುವವರೆಂದೇ ಲೆಕ್ಕ ಹಾಕಿ, ಅದೇ ಲೆಕ್ಕದಲ್ಲಿ ಸಂಬಳ ಕೊಟ್ಟು, ತರಬೇತಿ ಇಲ್ಲದ ಹುಡುಗನನ್ನು ಅರ್ಧ ಸಂಬಳಕ್ಕೆ ಅವರ ಜಾಗದಲ್ಲಿ ನಿಲ್ಲಿಸಿದ್ದು ಯಾವ ಕಂಪ್ಯೂಟರೂ ಅಲ್ಲ, ಎಐ ಎಂಬ ಮಾತು ಊರಿಗೆ ಬರುವ ಎಷ್ಟೋ ಮೊದಲು ನಾವೇ.

2021ರಲ್ಲಿ ಸಂಸತ್ತು ಅಂಗೀಕರಿಸಿದ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯಲ್ಲಿ ನಮ್ಮ ವೃತ್ತಿಯೂ ಸೇರಿದೆ. ರಾಜ್ಯಕ್ಕೊಂದು ಪರಿಷತ್ತು, ಅರ್ಹರ ನೋಂದಣಿ, ಓದಿಗೆ ಒಂದು ಮಟ್ಟ ಇರಬೇಕೆಂದು ಅದು ಹೇಳುತ್ತದೆ. ಅದು ಹಾಸನದ ಖಾಸಗಿ ಸ್ಕ್ಯಾನಿಂಗ್ ಕೇಂದ್ರದ ಬಾಗಿಲಿನವರೆಗೂ ತಲುಪಿದರೆ ಅಣ್ಣನ ಮಗನ ಭವಿಷ್ಯಕ್ಕೆ ಅರ್ಥವಿದೆ ಎಂದು ನಾನು ಅಣ್ಣನಿಗೆ ಹೇಳಿದೆ.

ಸೇರುವ ಮೊದಲು ಕಾಲೇಜಿನ ಕಟ್ಟಡವನ್ನಲ್ಲ, ಅದರ ಆಸ್ಪತ್ರೆಯನ್ನು ನೋಡು ಎಂದು ಹುಡುಗನಿಗೂ ಹೇಳಿದ್ದೇನೆ: ಅಪಘಾತದ ರೋಗಿಗಳು ರಾತ್ರಿ ಅಲ್ಲಿಗೆ ಬರುತ್ತಾರೆಯೇ, ಎಂ.ಆರ್.ಐ. ಅಲ್ಲೇ ಇದೆಯೇ ಅಥವಾ ಬೇರೆ ಊರಿಗೆ ಕಳಿಸುತ್ತಾರೆಯೇ, ವಿಕಿರಣ ಅಳೆಯುವ ಟಿ.ಎಲ್.ಡಿ. ಬ್ಯಾಡ್ಜನ್ನು ವಿದ್ಯಾರ್ಥಿಗಳಿಗೂ ಕೊಡುತ್ತಾರೆಯೇ. ಅವನು ಹೋಗಿ ವಿಚಾರಿಸಿದ ಕಾಲೇಜಿನ ಕಚೇರಿಯಲ್ಲಿ "ಬ್ಯಾಡ್ಜೆಲ್ಲ ಎರಡನೆಯ ವರ್ಷಕ್ಕೆ" ಎಂದರಂತೆ. ಮೊದಲ ವರ್ಷದವರನ್ನು ಎಕ್ಸ್‌ರೇ ಕೊಠಡಿಗೆ ಕಳಿಸುತ್ತೀರೋ ಇಲ್ಲವೋ ಎಂದು ನಾಳೆ ಮತ್ತೆ ಹೋಗಿ ಕೇಳಲಿದ್ದಾನೆ.