ಕ್ಯಾಶ್ ಕೌಂಟರ್‌ನಲ್ಲಿ ಪ್ಯಾನಿಕ್ ಅಟ್ಯಾಕ್ ಬಂದರೆ

ಕ್ಯಾಶ್ ಕೌಂಟರ್‌ನಲ್ಲಿ ಕೂತವರು ಬೇಕೆಂದಾಗ ಎದ್ದು ಹೋಗುವಂತಿಲ್ಲ. ಡ್ರಾಯರ್‌ನಲ್ಲಿ ಲಕ್ಷಗಟ್ಟಲೆ ದುಡ್ಡು ಇರುತ್ತದೆ. ಸಂಜೆ ಲೆಕ್ಕ ಹಾಕುವಾಗ ಐನೂರು ರೂಪಾಯಿ ಕಡಿಮೆ ಬಂದರೂ ಕೈಯಿಂದ ತುಂಬಬೇಕಾದವರು ನಾವೇ. ಸ್ಟ್ರಾಂಗ್ ರೂಮಿಗೆ ಎರಡು ಕೀ, ಒಂದು ನಮ್ಮ ಹತ್ತಿರ, ಇನ್ನೊಂದು ಆಫೀಸರ್ ಹತ್ತಿರ. ಹಾಸನದ ಕಡೆಯ ಒಂದು ಬ್ಯಾಂಕ್ ಶಾಖೆಯಲ್ಲಿ ವರ್ಷಗಟ್ಟಲೆ ಈ ಕೆಲಸ ಮಾಡಿಕೊಂಡು ಬಂದಿದ್ದೇನೆ. ಪ್ಯಾನಿಕ್ ಅಟ್ಯಾಕ್, ಅಂದರೆ ಇದ್ದಕ್ಕಿದ್ದ ಹಾಗೆ ಬರುವ ವಿಪರೀತ ಗಾಬರಿ, ಶುರುವಾಗಿದ್ದು ಇದೇ ಸೀಟಿನಲ್ಲಿ. ಸೀಟು ಬಿಡದೆ ಅದನ್ನು ನಿಭಾಯಿಸಲು ಕಲಿತದ್ದೂ ಇಲ್ಲೇ. ಬೇರೆ ಬೇರೆ ಕಡೆ ಹೀಗೇ ಒದ್ದಾಡುತ್ತಿರುವವರಿಗೆ ಉಪಯೋಗ ಆಗಬಹುದು ಅಂತ ಬರೆಯುತ್ತಿದ್ದೇನೆ.

"ಕೆಲಸದ ಒತ್ತಡ ಜಾಸ್ತಿ ಆಗಿರಬೇಕು" ಅಂತ ಎಲ್ಲರೂ ಹೇಳುತ್ತಾರೆ. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ರದ್ದಾದ ಮೇಲೆ ನಾವು ಕಂಡ ಸಾಲುಗಳನ್ನು ಬ್ಯಾಂಕಿನವರು ಯಾರೂ ಮರೆಯೋದಿಲ್ಲ. ಊಟಕ್ಕೂ ಏಳಲಾಗದ ದಿನಗಳು ಅವು. ಆಗ ನನಗೆ ಏನೂ ಆಗಲಿಲ್ಲ. ಮೊದಲ ಸಲ ಆಗಿದ್ದು ಎಷ್ಟೋ ವರ್ಷ ಕಳೆದು, ಹೆಚ್ಚು ಜನವೇ ಇಲ್ಲದ ಒಂದು ಮಧ್ಯಾಹ್ನ. "ಇವತ್ತು ಅಂಥ ಕೆಲಸವೇ ಇರಲಿಲ್ಲ, ಮತ್ತೆ ಯಾಕಾಯ್ತು?" ಅಂತ ಕಾರಣ ಹುಡುಕಿ ತಲೆ ಕೆಡಿಸಿಕೊಳ್ಳುವವರು ತುಂಬಾ ಜನ ಇದ್ದಾರೆ. ಹೇಳದೆ ಕೇಳದೆ ಬರುವುದೇ ಇದರ ಗುಣ ಎಂದು ಗೊತ್ತಾದರೆ ಅರ್ಧ ತಲೆನೋವು ಕಡಿಮೆಯಾಗುತ್ತದೆ.

ಐನೂರರ ಕಂತೆ ಮಷಿನ್‌ಗೆ ಹಾಕಿದ್ದೆ. ನೋಟುಗಳು ಸರಸರ ಓಡಿ 100 ಅಂತ ಅಂಕಿ ಬಂತು. ಕಂತೆ ತೆಗೆಯಲು ಕೈ ಚಾಚಿದೆ, ಬೆರಳೆಲ್ಲ ಜುಮುಜುಮು. ಎದೆ ಒಂದೇ ಸಮನೆ ಹೊಡೆದುಕೊಳ್ಳತೊಡಗಿತು. ಅಂಗೈ ಬೆವರಿ ಮೇಲಿನ ನೋಟು ಕೈಗೆ ಅಂಟಿಕೊಂಡಿತ್ತು. ಗಾಜಿನ ಆಚೆ ನಿಂತವರ ತುಟಿ ಅಲ್ಲಾಡುತ್ತಿತ್ತು, ಮಾತು ಮಾತ್ರ ದೂರದಿಂದ ಕೇಳಿದ ಹಾಗೆ. ಇಲ್ಲೇ ಸತ್ತುಹೋಗುತ್ತೇನೆ ಅನ್ನಿಸಿತು. ಅನುಭವಿಸದವರಿಗೆ ಇದು ಅತಿಯಾಗಿ ಹೇಳಿದ ಹಾಗೆ ಕೇಳಬಹುದು. ಆ ಹೊತ್ತಿನಲ್ಲಿ ಅದಕ್ಕಿಂತ ನಿಜ ಬೇರೆ ಯಾವುದೂ ಇರಲಿಲ್ಲ.

ಒಬ್ಬರು ಗ್ಯಾಸ್ಟ್ರಿಕ್ ಅಂದರು, ಇನ್ನೊಬ್ಬರು ಬಿಪಿ ಲೋ ಅಂದರು. ಮ್ಯಾನೇಜರ್ ನೇರ ಆಸ್ಪತ್ರೆಗೆ ಕಳಿಸಿದರು. ಅದೇ ಸರಿ. ಮೊದಲ ಸಲ ಎದೆ ನೋವು, ಉಸಿರು ಕಟ್ಟಿದ ಹಾಗೆ ಆದಾಗ ಇದು ಪ್ಯಾನಿಕ್ ಎಂದು ನಾವೇ ತೀರ್ಮಾನ ಮಾಡಿಕೊಳ್ಳಬಾರದು. ಇಸಿಜಿ, ಥೈರಾಯ್ಡ್, ಹಿಮೋಗ್ಲೋಬಿನ್ ಎಲ್ಲಾ ನೋಡಿದರು. ಎಲ್ಲವೂ ಸರಿಯಿತ್ತು. ಆಮೇಲೆ ಅವರೇ ಮನೋವೈದ್ಯರ ಹತ್ತಿರ ಕಳಿಸಿದರು.

ಹೃದಯ ಚೆನ್ನಾಗಿದೆ ಅಂತ ಡಾಕ್ಟರ್ ಹೇಳಿದರೂ ಮನಸ್ಸು ನಂಬೋದು ಕಷ್ಟ. ನಮ್ಮ ಜಿಲ್ಲೆಯಲ್ಲಿ ಇನ್ನೂ ಕಷ್ಟ. 2025ರ ಜೂನ್, ಜುಲೈನಲ್ಲಿ ಹಾಸನದ ಹೃದಯಾಘಾತದ ಸಾವುಗಳು ದಿನಾ ಟಿವಿಯಲ್ಲಿ ಬರುತ್ತಿದ್ದವು. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದ್ದರು. ಪುನೀತ್ ರಾಜ್‌ಕುಮಾರ್ ತೀರಿಕೊಂಡ 2021ರಲ್ಲೂ ಹೀಗೇ ಆಗಿತ್ತು. ಹಾಸನದ ಸಾವುಗಳ ಬಗ್ಗೆ ಸರ್ಕಾರ ಸಮಿತಿ ಮಾಡಿ, ಅಸಹಜ ಏರಿಕೆ ಕಂಡಿಲ್ಲ ಎಂಬ ವರದಿಯೂ ಬಂತು. ಆದರೆ ವರದಿ ಬರುವ ತನಕ ಕೌಂಟರಿನ ಮುಂದೆ ನಿಂತವರೆಲ್ಲರ ಬಾಯಲ್ಲಿ ಒಂದೇ ಮಾತು: "ಪಕ್ಕದ ಬೀದಿ ಹುಡುಗ, ವಯಸ್ಸೇ ಆಗಿರಲಿಲ್ಲ." ಒಂದು ಕಡೆ ದುಡ್ಡು ಎಣಿಸಬೇಕು, ಇನ್ನೊಂದು ಕಡೆ ಇದನ್ನೇ ಕೇಳಬೇಕು. ಆ ಎರಡು ತಿಂಗಳು ಕೈಗೆ ವಾಚು ಕಟ್ಟಲಿಲ್ಲ. ನಾಡಿಬಡಿತ ತೋರಿಸುವ ವಾಚು ಅದು. ನೋಡಿದಷ್ಟೂ ಗಾಬರಿ, ಗಾಬರಿಯಾದಷ್ಟೂ ಬಡಿತ ಜಾಸ್ತಿ. ನನಗೆ ಚಿಕಿತ್ಸೆ ಕೊಡುತ್ತಿದ್ದ ಕೌನ್ಸೆಲರ್, ಕೋವಿಡ್ ಕಾಲದಲ್ಲಿ ತಂದ ಆಕ್ಸಿಮೀಟರನ್ನೂ ನಮ್ಮ ಮನೆಯ ಬೀರುವಿನಲ್ಲಿ ಇಡಿಸಿದರು.

ನನಗೆ ಹೆಚ್ಚು ಧೈರ್ಯ ಕೊಟ್ಟದ್ದು ಅವರು ಬಿಡಿಸಿ ಹೇಳಿದ ಲೆಕ್ಕ. ಗಾಬರಿಯಾದಾಗ ಅಡ್ರಿನಲಿನ್ ಹರಿಯುತ್ತದೆ, ಎದೆ ಬಡಿಯುತ್ತದೆ, ನಾವು ಗೊತ್ತಿಲ್ಲದೆ ಜೋರಾಗಿ ಉಸಿರಾಡುತ್ತೇವೆ. ಆಗ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗಿ ಬೆರಳು, ತುಟಿ ಜುಮುಗುಡುತ್ತವೆ, ತಲೆ ಸುತ್ತುತ್ತದೆ. ಅದನ್ನೇ ಪಾರ್ಶ್ವವಾಯು ಅಂದುಕೊಂಡು ಇನ್ನೂ ಹೆದರುತ್ತೇವೆ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಇದು ತುದಿ ಮುಟ್ಟುತ್ತದೆ, ಆಮೇಲೆ ತಾನಾಗೇ ಇಳಿಯುತ್ತದೆ. ಮೂಗಿನಿಂದ ಮೆಲ್ಲಗೆ ಉಸಿರು ತಗೊಂಡು, ತಗೊಂಡದ್ದಕ್ಕಿಂತ ನಿಧಾನವಾಗಿ ಬಿಟ್ಟರೆ ಜುಮುಜುಮು ಬೇಗ ಇಳಿಯುತ್ತದೆ. ಕಾಗದದ ಕವರಿನಲ್ಲಿ ಉಸಿರಾಡು ಅಂತ ಯಾರಾದರೂ ಹೇಳಿದರೆ ಬೇಡ. ತೊಂದರೆ ಆಸ್ತಮಾದ್ದೋ ಹೃದಯದ್ದೋ ಆಗಿದ್ದರೆ ಅದು ಅಪಾಯ.

ಇನ್ನು ಕೆಲಸದ ವಿಷಯ. ಹತ್ತು ನಿಮಿಷದ ಅಟ್ಯಾಕ್‌ಗಿಂತ ನಮ್ಮ ನೌಕರಿಗೆ ಹೆಚ್ಚು ಪೆಟ್ಟು ಕೊಡೋದು ಅದು ಮುಗಿದ ಮೇಲಿನ ತಪ್ಪಿಸಿಕೊಳ್ಳುವಿಕೆ. ಮತ್ತೆ ಬಂದರೆ ಏನು ಮಾಡೋದು ಅಂತ ಮೊದಲು ಒಂದು ಕೌಂಟರ್ ಬೇಡ ಅನ್ನಿಸುತ್ತದೆ, ಆಮೇಲೆ ಬ್ಯಾಂಕೇ ಬೇಡ, ಕೊನೆಗೆ ಬಸ್ಸೂ ಬೇಡ. ಮ್ಯಾನೇಜರ್ ಒಳ್ಳೆಯ ಮನಸ್ಸಿನಿಂದಲೇ "ಹಿಂದಿನ ಟೇಬಲ್‌ಗೆ ಬಂದುಬಿಡಿ, ಕ್ಯಾಶ್ ಬೇಡ" ಅಂದರು. ಕೌನ್ಸೆಲರ್ ಬೇಡ ಅಂದರು. ಎದ್ದು ಓಡಿದ್ದಕ್ಕೇ ಉಳಿದೆ ಎಂದು ಮನಸ್ಸು ಪಾಠ ಕಲಿತುಬಿಡುತ್ತದೆ, ಕೂತಿದ್ದರೂ ಇಳಿಯುತ್ತದೆ ಎಂದು ಅದಕ್ಕೆ ಗೊತ್ತಾಗಲು ಅವಕಾಶವೇ ಸಿಗೋದಿಲ್ಲ ಅಂದರು. ಎಲ್ಲರಿಗೂ ಇದೇ ಸರಿ ಅಂತ ನಾನು ಹೇಳಲಾರೆ. ನಿದ್ದೆ ಊಟ ಬಿಟ್ಟು ಕುಸಿದು ಹೋದವರಿಗೆ ರಜೆ ಬೇಕೇ ಬೇಕು.

ಹಾಗಾಗಿ ಮ್ಯಾನೇಜರ್ ಹತ್ತಿರ ಹೋಗಿ ಇಷ್ಟೇ ಹೇಳಿದೆ: "ನನಗೆ ಪ್ಯಾನಿಕ್ ಅಟ್ಯಾಕ್ ಬರುತ್ತೆ, ಟ್ರೀಟ್‌ಮೆಂಟ್ ನಡೀತಿದೆ. ಬಂದಾಗ ಹತ್ತು ಹದಿನೈದು ನಿಮಿಷ ಕೌಂಟರ್ ನಿಲ್ಲಿಸಬೇಕಾಗುತ್ತೆ. ಬೇರೆ ಯಾವ ರಿಯಾಯಿತಿಯೂ ಬೇಡ." ಕಾಯಿಲೆಯ ಕಥೆ ಪೂರ್ತಿ ಹೇಳುವ ಅಗತ್ಯ ಇಲ್ಲ. ಏನು ಬೇಕು, ಎಷ್ಟು ಹೊತ್ತು ಬೇಕು ಅನ್ನೋದು ಸ್ಪಷ್ಟವಾಗಿದ್ದರೆ ಮೇಲಿನವರಿಗೂ ಒಪ್ಪಿಕೊಳ್ಳೋದು ಸುಲಭ. ನಮ್ಮ ಏರ್ಪಾಡು ಹೀಗಿದೆ. ಬರುತ್ತಿದೆ ಅನ್ನಿಸಿದ ಕೂಡಲೇ ಎಣಿಕೆ ನಿಲ್ಲಿಸುತ್ತೇನೆ. ಆ ಸ್ಥಿತಿಯಲ್ಲಿ ಒಂದು ನೋಟೂ ಕೊಡುವುದಿಲ್ಲ, ತಗೊಳ್ಳುವುದಿಲ್ಲ. ಕೈಯಲ್ಲಿರುವ ಕಂತೆ, ಚಲನ್ ಒಟ್ಟಿಗೆ ಡ್ರಾಯರ್‌ಗೆ ಹೋಗುತ್ತವೆ. ಬೀಗ ಹಾಕಿ ಕೀ ಮುಷ್ಟಿಯಲ್ಲಿ ಹಿಡಿಯುತ್ತೇನೆ. "ಹತ್ತು ನಿಮಿಷ ಕೊಡಿ" ಎಂದು ಗಿರಾಕಿಗೆ ಹೇಳಿ ಬೋರ್ಡ್ ತಿರುಗಿಸಿಡುತ್ತೇನೆ. ಬೋರ್ಡ್ ನೋಡಿದ ಪಕ್ಕದ ಕೌಂಟರಿನವರು ಸಾಲನ್ನು ತಮ್ಮ ಕಡೆ ಕರೆದುಕೊಳ್ಳುತ್ತಾರೆ. ಕೀಯ ಹಲ್ಲುಗಳು ಅಂಗೈಗೆ ಒತ್ತುತ್ತಿರುತ್ತವೆ, ಪಾದ ಎರಡೂ ನೆಲದ ಮೇಲೆ. ಉಸಿರು ನಿಧಾನ ಬಿಡುತ್ತಾ ಅಲ್ಲೇ ಕೂತಿರುತ್ತೇನೆ. ಗಿರಾಕಿಗಳು ಬೈಯುತ್ತಾರೆ ಅಂತ ಹೆದರಿದ್ದೆ. ಹೆಚ್ಚಿನವರು "ಆಯ್ತು ಬಿಡಿ, ಕಾಯ್ತೀವಿ" ಅನ್ನುತ್ತಾರೆ.

ಕೌನ್ಸೆಲರ್ ಇನ್ನೊಂದು ಅಭ್ಯಾಸ ಮಾಡಿಸಿದರು. ಮೊದಲು ಅವರ ಎದುರಿಗೇ, ಆಮೇಲೆ ಶಾಖೆಯಲ್ಲಿ. ಬೆಳಗ್ಗೆ ಬಾಗಿಲು ತೆರೆಯುವ ಮುಂಚೆ ಮಹಡಿ ಮೆಟ್ಟಿಲನ್ನು ಎದೆ ಬಡಿಯುವಷ್ಟು ಬಿರುಸಾಗಿ ಹತ್ತಿ ಇಳಿದು, ಬಂದು ಕೌಂಟರ್‌ನಲ್ಲಿ ಕೂರಬೇಕು. ನಾಡಿ ಮುಟ್ಟಿ ನೋಡಬಾರದು, ನೀರು ಕುಡಿಯಬಾರದು, ಸುಮ್ನೆ ಬಡಿತ ಇಳಿಯುವುದನ್ನು ನೋಡಬೇಕು. ಎದೆ ಬಡಿಯುವುದಕ್ಕೂ ಸಾವಿಗೂ ಸಂಬಂಧ ಇಲ್ಲ ಅನ್ನೋದನ್ನು ಮೈಗೆ ಕಲಿಸೋದು ಹೀಗೆ. ಹೃದಯ ಪರೀಕ್ಷೆ ಆಗಿ, ಗೊತ್ತಿದ್ದವರು ಜೊತೆಗಿದ್ದು ಮಾಡಿಸಬೇಕಾದದ್ದು ಇದು. ಖಾಲಿ ಹೊಟ್ಟೆಯಲ್ಲಿ ಸ್ಟ್ರಾಂಗ್ ಕಾಫಿ ಮೇಲೆ ಕಾಫಿ ಕುಡಿಯೋದನ್ನೂ ಕಡಿಮೆ ಮಾಡಿದೆ. ಹಾಸನದಲ್ಲಿ ಹುಟ್ಟಿದವರಿಗೆ ಅದು ಸಣ್ಣ ಮಾತಲ್ಲ.

ಮಾತ್ರೆಯ ಬಗ್ಗೆ ಒಂದು ಮಾತು. ಡಾಕ್ಟರ್ ಬರೆದುಕೊಟ್ಟ ದಿನದ ಮಾತ್ರೆ ಕೆಲಸ ಶುರು ಮಾಡಲು ಕೆಲವು ವಾರ ಬೇಕು. ಮೊದಲ ವಾರದಲ್ಲೇ ಉಪಯೋಗ ಇಲ್ಲ ಅಂತ ಬಿಡಬೇಡಿ, ಹುಷಾರಾಯ್ತು ಅಂತ ಒಮ್ಮೆಲೇ ನಿಲ್ಲಿಸಲೂಬೇಡಿ. ಗಾಬರಿಯನ್ನು ಬೇಗ ತಗ್ಗಿಸುವ ಆಲ್‌ಪ್ರಜೋಲಮ್ ಥರದ ಮಾತ್ರೆಯನ್ನು ಸ್ನೇಹಿತರಿಂದ ಇಸಿದುಕೊಂಡು ಜೇಬಿನಲ್ಲಿ ಇಟ್ಟುಕೊಳ್ಳುವವರನ್ನು ಆಫೀಸುಗಳಲ್ಲಿ ನೋಡಿದ್ದೇನೆ. ಅದು ಬೇಗ ಚಟವಾಗುತ್ತದೆ. ದಯವಿಟ್ಟು ಬೇಡ.

ಸಹೋದ್ಯೋಗಿಗಳಿಗೆ ನನ್ನ ಕೋರಿಕೆ ಇಷ್ಟು. ಯಾರಿಗಾದರೂ ಹೀಗಾದರೆ ಸುತ್ತ ಮುತ್ತಿಕೊಳ್ಳಬೇಡಿ. "ಧೈರ್ಯ ತಗೊಳ್ರೀ, ಇದೆಲ್ಲಾ ಮನಸ್ಸಿಂದು" ಅನ್ನಬೇಡಿ. ಒಬ್ಬರೇ ಪಕ್ಕದಲ್ಲಿ ಕೂತು "ಇಲ್ಲೇ ಇದ್ದೀನಿ, ಇಳಿಯುತ್ತೆ" ಅಂತ ಮೆಲುದನಿಯಲ್ಲಿ ಹೇಳಿ ಸುಮ್ಮನಿರಿ. ನಮ್ಮ ಹೆಡ್ ಕ್ಯಾಶಿಯರ್ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು, ತಮ್ಮ ಪಾಡಿಗೆ ಚಲನ್ ಜೋಡಿಸುತ್ತಾರೆ. ಅಷ್ಟೇ ಸಾಕು. ಮೊದಲ ಸಲ ಆಗುತ್ತಿದ್ದರೆ, ಅಥವಾ ನೋವು ಕೈಗೆ, ದವಡೆಗೆ ಹರಡಿದರೆ ಕಾಯಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ.

ಎಲ್ಲಿ ತೋರಿಸಬೇಕು ಅಂತ ಗೊತ್ತಾಗದವರು 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ. ನಿಮ್ಮಲ್ಲಿ ಯಾವ ಮಂಗಳವಾರ ಅಂತ ಮೊದಲೇ ಕೇಳಿಕೊಂಡು ರಜೆ ಹಾಕಿ.