ಹೂ ಬಿಡದ ಕವಲು

ಜೂನ್ 15, 2025, ಭಾನುವಾರ
ಮಲ್ಲೇಶ್ವರ, ಬೆಂಗಳೂರು

ಸಂಜೆ ಮಳೆ ಹೊಳವಾದ ಮೇಲೆ ಸ್ವಿಟ್ಜರ್ಲೆಂಡಿನ ಬರ್ನ್‌ನಿಂದ ಮಗಳ ಕರೆ ಬಂತು. ನಿನ್ನೆ ಕಾಂಡರ್‌ಸ್ಟೆಗ್ ಊರಿನ ಮೇಲಿರುವ ಓಶಿನೆನ್ ಸರೋವರದವರೆಗೆ ನಡೆದು ಹೋಗಿದ್ದಳಂತೆ. ಸುಣ್ಣಕಲ್ಲಿನ ಬಿರುಕಿನಲ್ಲಿ ಬೇರೂರಿದ್ದ ಬಿಳಿ ಹೂವಿನ ಗಿಡವೊಂದರ ಚಿತ್ರ ಕಳುಹಿಸಿ, "ಅಮ್ಮಾ, ಇದು ಯಾವುದು ಹೇಳು ನೋಡೋಣ" ಎಂದಳು.

ಗೇಣುದ್ದದ ಗಿಡ, ನಾಲ್ಕೇ ದಳ, ಶಿಲುಬೆಯ ಹಾಗೆ ಎದುರುಬದುರು. ಚಿತ್ರವನ್ನು ಹಿಗ್ಗಿಸಿದಾಗ ಕೇಸರಗಳೂ ಕಂಡವು: ನಾಲ್ಕು ಉದ್ದ, ಎರಡು ಗಿಡ್ಡ. ಅಷ್ಟಾದ ಮೇಲೆ ಕುಟುಂಬದ ಬಗ್ಗೆ ಅನುಮಾನವೇ ಉಳಿಯುವುದಿಲ್ಲ, ನಮ್ಮ ಒಗ್ಗರಣೆಯ ಸಾಸಿವೆ, ಹುಳಿಯ ನವಿಲುಕೋಸು, ಮೂಲಂಗಿ ಎಲ್ಲ ಸೇರಿರುವ ಕುಟುಂಬವೇ ಅದು. ಕಾಂಡವನ್ನು ತಬ್ಬಿ ಹಿಡಿದ ಎಲೆಗಳ ಬುಡವನ್ನೂ, ಅಂಚಿನ ಒರಟು ಹಲ್ಲುಗಳನ್ನೂ, ಮೇಲೆ ಹರಡಿದ್ದ ಬೂದು ನವಿರನ್ನೂ ನೋಡಿ ಅರಾಬಿಸ್ ಆಲ್ಪಿನಾ ಎಂದೆ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಹೆಸರಿಟ್ಟ ಗಿಡವಿದು. ಆಲ್ಪ್ಸ್‌ನಲ್ಲಿ ಮಾತ್ರವಲ್ಲದೆ ಉತ್ತರಕ್ಕೆ ಗ್ರೀನ್‌ಲ್ಯಾಂಡಿನಲ್ಲಿಯೂ ದಕ್ಷಿಣಕ್ಕೆ ಇಥಿಯೋಪಿಯದ ಎತ್ತರದ ಬೆಟ್ಟಗಳಲ್ಲಿಯೂ ಬೆಳೆಯುತ್ತದೆ.

"ಕಾಯಿ ಬಲಿತ ಮೇಲೆ ಒಂದಿಷ್ಟು ಬೀಜ ಲಕೋಟೆಯಲ್ಲಿಟ್ಟು ಕಳಿಸಲಾ? ಈ ಸಲ ದೀಪಾವಳಿಗೆ ಬರೋದಕ್ಕೆ ನನಗಂತೂ ಆಗೋದಿಲ್ಲ. ಅದಾದರೂ ನಿನ್ನ ಹತ್ತಿರ ಇರಲಿ."

ದೀಪಾವಳಿಯ ಮಾತಿಗೆ ನಾನು ಏನೂ ಹೇಳಲಿಲ್ಲ. ಬೀಜದ ಮಾತಿಗೆ ಬೇಡವೆಂದೆ. ಆಮದು ಪರವಾನಗಿಯೂ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಇಲ್ಲದೆ ಹೊರದೇಶದ ಬೀಜ ತರಿಸಬಾರದೆಂಬ 2003ರ ಆದೇಶವನ್ನು ತರಗತಿಯಲ್ಲಿ ಪಾಠ ಮಾಡಿದವಳು ನಾನು. ಅದೂ ಅಲ್ಲದೆ, ಅದು ಇಲ್ಲಿ ಮೊಳೆತರೂ ಹೂ ಬಿಡುವುದಿಲ್ಲ. ಪ್ರಯೋಗಾಲಯದಲ್ಲಿ ಇದನ್ನು ಸುಮಾರು 12 ವಾರ 4 ಡಿಗ್ರಿ ಚಳಿಯಲ್ಲಿಟ್ಟು ಹೂ ಬಿಡಿಸುತ್ತಾರೆ. ಬೆಂಗಳೂರು ಕಂಡ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರ ಜನವರಿ 13ರ ಒಂದು ದಿನ. "ಫ್ರಿಜ್‌ನಲ್ಲಿ ಬೀಜ ಇಟ್ಟು ಆಮೇಲೆ ಬಿತ್ತಿದರೆ?" ಎಂದು ಕೇಳಿದಳು. ಬೀಜಕ್ಕೆ ಚಳಿ ಕೊಟ್ಟರೆ ಸಾಲದು. ಸ್ಪೇನಿನ ತಳಿಯೊಂದರ ಮೇಲೆ ನಡೆದ ಪ್ರಯೋಗಗಳಲ್ಲಿ, ಮೂರು ವಾರದ ಸಸಿಗಳು ಅಷ್ಟೂ ಚಳಿ ಉಂಡ ಮೇಲೂ ಎಲೆಯನ್ನಷ್ಟೇ ಬಿಟ್ಟವು. ಐದು ವಾರ ತುಂಬಿದವು ಹೂ ಬಿಟ್ಟವು. ಚಳಿ ತಾಗುವ ಹೊತ್ತಿಗೆ ಗಿಡಕ್ಕೆ ವಯಸ್ಸು ಬಂದಿರಬೇಕು.

ಕರೆ ಮುಗಿದ ಮೇಲೆಯೂ ನಾನು ಆ ಚಿತ್ರವನ್ನೇ ನೋಡುತ್ತ ಕುಳಿತೆ. ಕೆಲಸದಿಂದ ಬಳಲಿ ಬೇಯಿಸಿದ ಸೊಪ್ಪಿನಂತೆ ಸೊರಗಿದ್ದ ಅವಳ ದನಿ ಕಿವಿಯಲ್ಲೇ ಇತ್ತು. ಹೂ ಹೊತ್ತ ಮೂರು ಕಾಂಡಗಳ ಪಕ್ಕದಲ್ಲಿ, ಅರ್ಧ ನೆರಳಿನಲ್ಲಿ, ಮೊಗ್ಗಿನ ಸುಳಿವೇ ಇಲ್ಲದ ಎಲೆಗುಚ್ಛವೊಂದು ಇದ್ದಂತೆ ಕಾಣಿಸಿತು.

ನನ್ನ ಮಟ್ಟಿಗೆ ಈ ಗಿಡದ ದೊಡ್ಡಸ್ತಿಕೆ ಇರುವುದು ಅಲ್ಲಿ. ಜರ್ಮನಿಯ ಕಲೋನ್‌ನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಸಸ್ಯವಿಜ್ಞಾನಿಗಳು 2009ರಲ್ಲಿ ಇದರ ಪೆಪ್1 ಎಂಬ ವಂಶವಾಹಿಯನ್ನು ವಿವರಿಸಿದರು. ಪೆಪ್1ರ ಕೆಲಸ ಹೂವನ್ನು ತಡೆಯುವುದು. ಚಳಿಗಾಲದಲ್ಲಿ ಅದು ಸುಮ್ಮನಾಗುತ್ತದೆ, ಆಗ ಕೆಲವು ಕವಲುಗಳು ಹೂವಿಗೆ ಸಿದ್ಧವಾಗುತ್ತವೆ. ಬಿಸಿಲು ಮರಳಿದ ಕೂಡಲೇ ಅದು ಮತ್ತೆ ಎಚ್ಚೆತ್ತು ಉಳಿದ ಕವಲುಗಳನ್ನು ಎಲೆಯಾಗಿಯೇ ಉಳಿಸುತ್ತದೆ. ಅವು ಮುಂದಿನ ವರ್ಷದ ಗಿಡ. ಇದೇ ಕುಟುಂಬದ ಏಕವಾರ್ಷಿಕ ಅರಬಿಡಾಪ್ಸಿಸ್‌ನಲ್ಲಿಯೂ ಇಂಥದ್ದೇ ವಂಶವಾಹಿಯಿದೆ, ಆದರೆ ಚಳಿಗೆ ಒಮ್ಮೆ ಸುಮ್ಮನಾದರೆ ಆ ಗಿಡದ ಆಯುಷ್ಯದಲ್ಲಿ ಮತ್ತೆ ಏಳುವುದಿಲ್ಲ. ಇದ್ದುದೆಲ್ಲ ಹೂವಾಗಿ, ಕಾಯಾಗಿ, ಗಿಡ ಒಣಗುತ್ತದೆ. ಪೆಪ್1 ಕೆಟ್ಟುಹೋದ ಅರಾಬಿಸ್ ಗಿಡಗಳು ಚಳಿಗೂ ಕಾಯದೆ ಒಂದೇ ಸಮನೆ ಹೂ ಬಿಡುತ್ತಲೇ ಇರುತ್ತವೆ.

ಎಷ್ಟೋ ವರ್ಷ ನಾನು ಸಾಸಿವೆ ಹೂವನ್ನೇ ಮೇಜಿನ ಮೇಲಿಟ್ಟು ಈ ಕುಟುಂಬದ ಪಾಠ ಮಾಡಿದೆ. ಪುಷ್ಪಸೂತ್ರ ಬರೆಸಿದೆ, ಅಂಡಾಶಯವನ್ನು ಬ್ಲೇಡಿನಿಂದ ಕೊಯ್ದು ತೋರಿಸಿದೆ. ಗಿಡ ಏಕೆ ಹೂ ಬಿಡುತ್ತದೆ ಎಂದು ಮಕ್ಕಳು ಕೇಳುತ್ತಿದ್ದರು, ಉತ್ತರಿಸುತ್ತಿದ್ದೆ. ಹೂ ಬಿಡುವುದನ್ನು ಗಿಡ ಹೇಗೆ ನಿಲ್ಲಿಸುತ್ತದೆ ಎಂದು ಅವರೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ. ಅದನ್ನು ಹೇಳಿಕೊಡದೆ ನಿವೃತ್ತಳಾದೆನಲ್ಲ ಎಂದು ಈಗ ನಿಜವಾಗಿಯೂ ನೋವಾಗುತ್ತಿದೆ.

ಕತ್ತಲಾಗುವ ಮುಂಚೆ ತಾರಸಿಗೆ ಹೋದೆ. ಫೆಬ್ರವರಿಯಲ್ಲಿ ಒಗ್ಗರಣೆ ಡಬ್ಬಿಯಿಂದಲೇ ತೆಗೆದು ಬಿತ್ತಿದ್ದ ಸಾಸಿವೆ ಕುಂಡದಲ್ಲಿ ಕಡ್ಡಿಯಾಗಿ ನಿಂತಿತ್ತು. ಸಿಡಿದ ಕಾಯಿಗಳ ನಡುವಿನ ತೆಳುಪೊರೆ ಮಾತ್ರ ಉಳಿದು ಕಾಗದದಂತೆ ಮಿನುಗುತ್ತಿತ್ತು. ಬುಡದಿಂದ ತುದಿಯವರೆಗೆ ಬೆರಳಾಡಿಸಿದೆ. ಒಂದಾದರೂ ಹಸಿರು ಕಣ್ಣು ಸಿಗಲಿಲ್ಲ.

ಕೆಳಗೆ ಬಂದು ಅವಳಿಗೆ ಸಂದೇಶ ಕಳುಹಿಸಿದೆ: ಮತ್ತೆ ಆ ಕಡೆ ಹೋದರೆ ಹೂವಿನ ಚಿತ್ರ ಬೇಡ, ಪಕ್ಕದಲ್ಲಿರುವ ಎಲೆಗುಚ್ಛದ ಹತ್ತಿರ ಕುಳಿತು ಅದೊಂದನ್ನೇ ತೆಗೆದು ಕಳಿಸು, ಅವಸರ ಮಾಡಬೇಡ. ದೀಪಾವಳಿಯ ವಿಷಯವನ್ನೂ ಬರೆಯಬೇಕೆಂದು ಎರಡು ಸಾಲು ಬರೆದೆ, ಅಳಿಸಿದೆ. ಅವಳು ಸಂದೇಶ ನೋಡಿದ್ದಾಳೆ, ಉತ್ತರ ಇನ್ನೂ